ಬೀರುವಿನ ಬಾಗಿಲಲ್ಲಿರುವ ಚುಕ್ಕಿಗಳು

ಮನೆಯ ಉಕ್ಕಿನ ಬೀರುವಿನ ಬಾಗಿಲನ್ನು ತೆರೆದು ಒಳಮೈಯನ್ನು ಬೆರಳಿನಿಂದ ಸವರಿ ನೋಡಿರಿ. ಬಣ್ಣದ ಕೆಳಗೆ, ಸಾಲಾಗಿ, ಅವರೆಕಾಳಿಗಿಂತ ಚಿಕ್ಕದಾದ ತಗ್ಗುಗಳು ಕೈಗೆ ತಗಲುತ್ತವೆ. ಅಲ್ಲಿ ಮೊಳೆಯಿಲ್ಲ, ತಿರುಪಿಲ್ಲ, ಅಂಟೂ ಇಲ್ಲ. ಎರಡು ತಗಡುಗಳು ಆ ಚುಕ್ಕಿಗಳಲ್ಲಿ ಕರಗಿ ಒಂದಾಗಿವೆ. ಇದೇ ಸ್ಪಾಟ್ ವೆಲ್ಡಿಂಗ್, ಅಂದರೆ ಚುಕ್ಕಿ ಬೆಸುಗೆ. ಒಂದು ಕಾರಿನ ಒಡಲಿನಲ್ಲಿ ಇಂತಹ ಚುಕ್ಕಿಗಳು ಸಾವಿರಾರು ಇರುತ್ತವೆ.

ಹೊಸೂರಿನ ಸುತ್ತಣ ವಾಹನ ಕಾರ್ಖಾನೆಗಳ ಕಡೆಗೆ ಕಣ್ಣಿಟ್ಟು ಐಟಿಐ ಸೇರುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಕನ್ನಡದಲ್ಲಿ ಓದಿದವನಿಗೆ ಅಲ್ಲಿಯ ಯಂತ್ರ ತಿಳಿದೀತೇ ಎಂಬ ಅಳುಕು ಹೆತ್ತವರಿಗೆ ಇದ್ದೇ ಇದೆ. ಈ ಯಂತ್ರದ ಮಟ್ಟಿಗಾದರೂ ಉತ್ತರ ಹತ್ತನೆಯ ತರಗತಿಯ ವಿಜ್ಞಾನದಲ್ಲಿಯೇ ಇದೆ. ತಂತಿಯಲ್ಲಿ ಹುಟ್ಟುವ ಉಷ್ಣವು ವಿದ್ಯುತ್ ಪ್ರವಾಹದ ವರ್ಗಕ್ಕೂ, ರೋಧಕ್ಕೂ, ಕಾಲಕ್ಕೂ ಅನುಗುಣವಾಗಿರುತ್ತದೆ ಎಂಬ ಜೌಲನ ನಿಯಮವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರಲ್ಲವೇ? ಅಮೆರಿಕದ ಎಲಿಹು ಥಾಮ್ಸನ್ 1880ರ ದಶಕದಲ್ಲಿ ಬೆಸುಗೆಗೆ ಹಚ್ಚಿದ್ದು ಆ ನಿಯಮವನ್ನೇ.

1 ಮಿಲಿಮೀಟರ್ ದಪ್ಪದ ಎರಡು ಉಕ್ಕಿನ ತಗಡುಗಳನ್ನು ಒಂದರ ಮೇಲೊಂದಿಟ್ಟು, ತಾಮ್ರದ ಎರಡು ಮೊನೆಗಳು ಮೇಲಿನಿಂದಲೂ ಕೆಳಗಿನಿಂದಲೂ ಇನ್ನೂರು ಕಿಲೋಗ್ರಾಂಗೂ ಮಿಕ್ಕ ಭಾರದಷ್ಟು ಬಲದಿಂದ ಅವುಚುತ್ತವೆ. ಬಳಿಕ ಸುಮಾರು 8,000ದಿಂದ 10,000 ಆಂಪೇರ್ ಪ್ರವಾಹ ಹರಿಯುತ್ತದೆ. ನಮ್ಮ ಇಸ್ತ್ರಿಪೆಟ್ಟಿಗೆ ಎಳೆಯುವುದು ನಾಲ್ಕೈದು ಆಂಪೇರ್ ಮಾತ್ರ! ಆದರೆ ಇಲ್ಲಿ ವೋಲ್ಟೇಜು ಬಹಳ ಕಡಿಮೆ. ಕಾಲವೂ ಸೆಕೆಂಡಿನ ಐದನೆಯ ಒಂದು ಭಾಗದಷ್ಟೇ. ನಿಧಾನವಾಗಿ ಕಾಯಿಸಿದರೆ ಶಾಖವೆಲ್ಲ ಸುತ್ತಲ ತಗಡಿಗೆ ಹರಿದುಹೋಗುತ್ತದೆ.

ಮೊನೆ ಕರಗದೆ ತಗಡುಗಳ ನಡುವೆಯೇ ಕರಗುವುದೇಕೆ? ತಾಮ್ರದ ರೋಧ ಅಲ್ಪ. ಮೇಲಾಗಿ ಮೊನೆಯೊಳಗೆ ತಣ್ಣೀರು ಹರಿಯುತ್ತಿರುತ್ತದೆ. ತಗಡು ತಗಡನ್ನು ಮುಟ್ಟುವಲ್ಲಿಯಾದರೋ ಕಣ್ಣಿಗೆ ಕಾಣದ ಉಬ್ಬುಗಳು ಮಾತ್ರ ಒಂದನ್ನೊಂದು ತಾಗುವುದರಿಂದ ರೋಧ ಹೆಚ್ಚು. ಉಕ್ಕು 1,500 ಡಿಗ್ರಿಯ ಆಸುಪಾಸಿನಲ್ಲಿ ಅಲ್ಲಿಯೇ ಕರಗುತ್ತದೆ. ಪ್ರವಾಹ ನಿಂತರೂ ಹಿಡಿತ ಸಡಿಲುವುದಿಲ್ಲ. ಕರಗಿದ್ದು ಗಟ್ಟಿಯಾಗುವ ತನಕ ಮೊನೆಗಳು ಒತ್ತಿಕೊಂಡೇ ಇರುತ್ತವೆ.

ಚಿತ್ರಗಳಲ್ಲಿ ಹೂಬಾಣದಂತೆ ಕಿಡಿ ಹಾರುವುದನ್ನು ಕಂಡು ನಾವು ಬೆರಗಾಗುತ್ತೇವೆ. ಬಲ್ಲವರು ಅದನ್ನು ಮೆಚ್ಚುವುದಿಲ್ಲ. ಬೆಸುಗೆಯೊಳಗೆ ಉಳಿಯಬೇಕಾಗಿದ್ದ ಲೋಹವೇ ಆ ಕಿಡಿಯಾಗಿ ಹೊರಗೆ ಚಿಮ್ಮಿರುತ್ತದೆ.

ಇದಕ್ಕಿಂತ ಕೆಟ್ಟ ದೋಷವು ಸದ್ದಿಲ್ಲದೆ ಬರುತ್ತದೆ. ನೂರಾರು ಚುಕ್ಕಿ ಹಾಕಿದ ಮೇಲೆ ತಾಮ್ರದ ಮೊನೆ ಅಣಬೆಯಂತೆ ಅಗಲವಾಗುತ್ತದೆ. ಸತುವು ಲೇಪಿಸಿದ ತಗಡಾದರೆ ಸತುವು ತಾಮ್ರಕ್ಕೆ ಹತ್ತಿಕೊಂಡು ಮೊನೆ ಇನ್ನೂ ಬೇಗ ಕೆಡುತ್ತದೆ. ಅಗಲವಾದ ಮೊನೆಯಲ್ಲಿ ಅದೇ ಪ್ರವಾಹವು ಹೆಚ್ಚು ಜಾಗಕ್ಕೆ ಹಂಚಿಹೋಗಿ, ನಡುವಣ ಉಕ್ಕು ಕರಗುವಷ್ಟು ಕಾಯುವುದಿಲ್ಲ. ತಗಡುಗಳು ಬರಿದೇ ಅಂಟಿಕೊಂಡಿರುತ್ತವೆ. ಹೊರಗಿನ ತಗ್ಗು ಮಾತ್ರ ಎಂದಿನಂತೆಯೇ ಕಾಣುತ್ತದೆ. ಅಪಘಾತದಲ್ಲಿ ವಾಹನದ ಒಡಲು ಒಳಗಿರುವವರನ್ನು ಕಾಯುವುದೋ ಸೀಳಿ ಬಿಡುವುದೋ ಎಂಬುದು ಇಂತಹ ಚುಕ್ಕಿಗಳನ್ನೂ ಅವಲಂಬಿಸಿದೆ.

ಆದುದರಿಂದ ಮೊನೆಯನ್ನು ಆಗಾಗ ಹೆರೆದು ಸರಿಪಡಿಸಬೇಕು. ಮಾದರಿ ತುಂಡೊಂದನ್ನು ಬೆಸೆದು ಕಿತ್ತು ನೋಡಬೇಕು. ಒಂದು ತಗಡನ್ನು ಇಕ್ಕಳದಲ್ಲಿ ಬಿಗಿದು ಇನ್ನೊಂದನ್ನು ಸುಲಿದಾಗ ಎರಡೂ ನುಣ್ಣಗೆ ಬೇರೆಯಾದರೆ ಬೆಸುಗೆ ಸುಳ್ಳು. ಒಂದರಲ್ಲಿ ತೂತು ಬಿದ್ದು, ಇನ್ನೊಂದರ ಮೇಲೆ 5 ಮಿಲಿಮೀಟರ್ ಅಗಲದ ಗುಂಡಿಯೊಂದು ಕಚ್ಚಿ ನಿಂತಿದ್ದರೆ ಆ ಯಂತ್ರವನ್ನು ಮುಂದಕ್ಕೆ ನಡೆಸಬಹುದು.