ಡಿಸ್ಕ್ ತುಂಬುವ ಮೊದಲೇ ಗಣಕಯಂತ್ರ ನಿಧಾನವಾಗುವುದೇಕೆ?

ವರ್ಷಾಂತ್ಯದ ಲೆಕ್ಕ ಮುಗಿಸುವ ಹೊತ್ತಿಗೆ ಅನೇಕ ಸಂಸ್ಥೆಗಳಲ್ಲಿ ಕೇಳಿಬರುವ ದೂರು ಒಂದೇ: ಒಂದು ವೋಚರ್ ನಮೂದಿಸಿದರೆ ಅದು ದಾಖಲಾಗಲು ಕಾಯಬೇಕು, ಬ್ಯಾಕಪ್ ತೆಗೆಯಲು ಅರ್ಧ ದಿನ ಬೇಕು. ಹೊಸ ಯಂತ್ರಕ್ಕೆ ದರಪಟ್ಟಿ ತರಿಸುವ ಮುನ್ನ, ಇರುವ ಯಂತ್ರದ ಡಿಸ್ಕಿನಲ್ಲಿ ಎಷ್ಟು ಜಾಗ ಖಾಲಿ ಉಳಿದಿದೆ ಎಂಬುದನ್ನು ನೋಡುವುದು ಲೇಸು. ಸಿ ಡ್ರೈವ್ ಪೂರ್ತಿ ತುಂಬಿದ್ದು, ಡಿ ಡ್ರೈವ್ ಬರಿದಾಗಿ ಬಿದ್ದಿರುವುದನ್ನೂ ನಾನು ಲೆಕ್ಕ ಪರಿಶೋಧನೆಗೆ ಹೋದ ಕಡೆಗಳಲ್ಲಿ ಕಂಡಿದ್ದೇನೆ.

ಇದನ್ನು ವ್ಯಾಪಾರಸ್ಥರಿಗೆ ವಿವರಿಸುವುದು ಕಷ್ಟವಲ್ಲ. ಅರ್ಧ ಖಾಲಿಯಿರುವ ಗೋದಾಮಿಗೆ ನೂರು ಮೂಟೆ ಬಂದರೆ ಒಂದೇ ಕಡೆ ಅಟ್ಟಿ ಹಾಕಬಹುದು. ಮಾಡಿನವರೆಗೆ ತುಂಬಿದ ಗೋದಾಮಿನಲ್ಲಾದರೆ ಮೂಲೆಗೆ ನಾಲ್ಕು, ಬಾಗಿಲ ಹಿಂದೆ ಎರಡು ಎಂದು ತುರುಕಬೇಕು. ತೆಗೆಯುವಾಗ ಹುಡುಕಲೂ ಬೇಕು. ಕಡತ ವ್ಯವಸ್ಥೆಯ ಪಾಡೂ ಅದೇ. ಒಂದೇ ಕಡತ ಚೂರುಚೂರಾಗಿ ಹರಡುತ್ತದೆ.

ಈ ವಿಷಯ ಹೊಸದೇನಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಮೆಕ್ಕುಸಿಕ್, ಜಾಯ್, ಲೆಫ್ಲರ್ ಮತ್ತು ಫ್ಯಾಬ್ರಿ ಎಂಬುವರು 1984ರಲ್ಲಿ ಯುನಿಕ್ಸಿನ ಹೊಸ ಕಡತ ವ್ಯವಸ್ಥೆಯ ಬಗ್ಗೆ ಪ್ರಬಂಧ ಪ್ರಕಟಿಸಿದರು. ಹಳೆಯ ವ್ಯವಸ್ಥೆಯಲ್ಲಿ ಆರಂಭದಲ್ಲಿ ಸೆಕೆಂಡಿಗೆ 175 ಕಿಲೋಬೈಟ್ ಇದ್ದ ವೇಗವು, ಕಡತಗಳ ಭಾಗಗಳು ಅಡ್ಡಾದಿಡ್ಡಿ ಹಂಚಿಹೋದ ಕಾರಣ, ಕೆಲವೇ ವಾರಗಳಲ್ಲಿ 30ಕ್ಕೆ ಇಳಿದಿತ್ತು. ಆದುದರಿಂದ ಹೊಸ ವ್ಯವಸ್ಥೆಯಲ್ಲಿ ಶೇ. 10ರಷ್ಟು ಜಾಗವನ್ನು ಸದಾ ಖಾಲಿ ಇಡುವ ನಿಯಮ ಮಾಡಿದರು. ಆ ಮೀಸಲನ್ನೂ ಬಳಸಿಬಿಟ್ಟರೆ ವೇಗ ಅರ್ಧಕ್ಕೆ ಕುಸಿಯುತ್ತದೆಂದೂ ದಾಖಲಿಸಿದರು. ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯನ್ನೂ ಉಳಿಸದೆ ಎಲ್ಲವನ್ನೂ ಸರಕಿಗೆ ಹಾಕಿದ ಅಂಗಡಿಯ ಸ್ಥಿತಿ ಯಾವ ವ್ಯಾಪಾರಿಗೆ ತಿಳಿಯದು?

ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಸಾಮಾನ್ಯವಾಗಿ ಹೊರಸುತ್ತು ಮೊದಲು ತುಂಬುತ್ತದೆ. ಒಳಸುತ್ತಿಗೆ ಬರುವ ಹೊತ್ತಿಗೆ ವೇಗ ಸುಮಾರು ಅರ್ಧದಷ್ಟಾಗಿರುತ್ತದೆ.

ಈಗ ಹೆಚ್ಚು ಬಳಕೆಯಲ್ಲಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೇ ಇಲ್ಲ. ಆದ್ದರಿಂದ ಈ ತೊಂದರೆ ಅದಕ್ಕಿಲ್ಲವೆಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ತುಂಬಿದಾಗ ಅದು ಇನ್ನೊಂದು ಬಗೆಯಲ್ಲಿ ಬಳಲುತ್ತದೆ. ಅದರಲ್ಲಿ ಬರೆದ ಜಾಗದ ಮೇಲೆಯೇ ಮತ್ತೆ ಬರೆಯಲಾಗದು, ಮೊದಲು ಅಳಿಸಬೇಕು. ಬರೆಯುವುದು ಪುಟ ಪುಟವಾಗಿ, ಅಳಿಸುವುದು ಮಾತ್ರ ನೂರಾರು ಪುಟಗಳ ಕಟ್ಟನ್ನೇ ಒಟ್ಟಾಗಿ. ಖಾಲಿ ಕಟ್ಟುಗಳು ಉಳಿಯದಿದ್ದರೆ, ಬೇಕಾದ ಪುಟಗಳನ್ನು ಬೇರೆಡೆ ನಕಲು ಮಾಡಿ, ಕಟ್ಟನ್ನು ಅಳಿಸಿ, ಆಮೇಲೆ ನಿಮ್ಮ ವೋಚರನ್ನು ಬರೆಯಬೇಕಾಗುತ್ತದೆ. ಒಂದು ಬರಹಕ್ಕೆ ಹಲವು ಬರಹಗಳ ಖರ್ಚು! ಇದರಿಂದ ವೇಗ ತಗ್ಗುವುದಲ್ಲದೆ ಡಿಸ್ಕಿನ ಆಯುಷ್ಯವೂ ಸವೆಯುತ್ತದೆ. ಅಗ್ಗದ ಡಿಸ್ಕುಗಳಲ್ಲಿ ವೇಗವಾಗಿ ಬರೆಯಲೆಂದು ಖಾಲಿ ಜಾಗದ ಒಂದು ಭಾಗವನ್ನೇ ತಾತ್ಕಾಲಿಕವಾಗಿ ಬಳಸುವ ಏರ್ಪಾಡಿರುತ್ತದೆ. ಡಿಸ್ಕ್ ತುಂಬಿದಂತೆ ಅದೂ ಕುಗ್ಗುತ್ತದೆ.

ಜಾಗ ಸಂಪೂರ್ಣ ಮುಗಿದರಂತೂ ವಿಳಂಬ ಮಾತ್ರವಲ್ಲ, ಬರೆಯುವ ಕೆಲಸ ನಡುವೆಯೇ ನಿಂತು ಲೆಕ್ಕದ ಕಡತ ಕೆಡುವ ಸಂಭವವಿದೆ. ಜಿಎಸ್‌ಟಿ ಮಾಸಿಕ ವಿವರ ಸಲ್ಲಿಸಬೇಕಾದ 20ನೇ ತಾರೀಖಿನಂದು ಇದು ಸಂಭವಿಸಿದರೆ ವಿಳಂಬ ಶುಲ್ಕವೂ ಬಡ್ಡಿಯೂ ಮಾಲೀಕರ ತಲೆಗೇ. ಆದುದರಿಂದ ಶೇ. 15ರಿಂದ 20ರಷ್ಟು ಜಾಗ ಖಾಲಿ ಇಡುವಂತೆ ನಾನು ಸಲಹೆ ನೀಡುತ್ತೇನೆ. 500 ಜಿಬಿ ಡಿಸ್ಕಿನಲ್ಲಿ ಅದು 75ರಿಂದ 100 ಜಿಬಿ.

ಹಾಗೆಂದು ಹಳೆಯ ಲೆಕ್ಕವನ್ನು ಅಳಿಸುವಂತಿಲ್ಲ. 2013ರ ಕಂಪನಿ ಕಾಯ್ದೆಯ 128ನೇ ಕಲಮಿನಂತೆ ಕಂಪನಿಗಳು ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಇಡಬೇಕು. ಜಿಎಸ್‌ಟಿ ಕಾಯ್ದೆಯ 36ನೇ ಕಲಮಿನಂತೆ ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು. ಇದರ ಮೇಲೆ, 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸಲೇಬೇಕು, ಅದನ್ನು ನಿಲ್ಲಿಸಿಡುವಂತಿಲ್ಲ. ಅಂದರೆ ದತ್ತಾಂಶ ಬೆಳೆಯುತ್ತಲೇ ಹೋಗುವುದು.

ಆದರೆ ಡಿಸ್ಕ್ ತುಂಬಿಸುವುದು ಬಹುತೇಕ ಲೆಕ್ಕವಲ್ಲ. ಸಿಸಿಟಿವಿ ದೃಶ್ಯಗಳು, ಒಂದೇ ಬಿಲ್ಲಿನ ಮೂರು ಮೂರು ಸ್ಕ್ಯಾನ್ ಪ್ರತಿಗಳು, ವಾಟ್ಸಾಪಿನಿಂದ ಇಳಿದ ಚಿತ್ರಗಳು, ಅದೇ ಡಿಸ್ಕಿನಲ್ಲಿ ವರ್ಷಗಟ್ಟಲೆ ಪೇರಿಸಿದ ಬ್ಯಾಕಪ್‌ಗಳು. ಡಿಸ್ಕ್ ಕೆಟ್ಟರೆ ಜೊತೆಗೇ ಹೋಗುವ ಪ್ರತಿಯನ್ನು ಬ್ಯಾಕಪ್ ಎಂದು ಕರೆಯುವುದೇ ತಪ್ಪು. ಇವನ್ನು ಮೊದಲು ಹೊರಗಿನ ಎರಡು ಹಾರ್ಡ್ ಡಿಸ್ಕುಗಳಿಗೆ ಸಾಗಿಸಿ, ಒಂದನ್ನು ಕಚೇರಿಯ ಹೊರಗಿಡಬೇಕು. ವಿದ್ಯುತ್ ಇಲ್ಲದೆ ಬಹುಕಾಲ ಇಟ್ಟ ಎಸ್‌ಎಸ್‌ಡಿಯಲ್ಲಿ ದತ್ತಾಂಶ ಮಾಸುವ ಸಾಧ್ಯತೆ ಇರುವುದರಿಂದ ಈ ಕೆಲಸಕ್ಕೆ ಅದು ತಕ್ಕುದಲ್ಲ.

ಮೂಲವನ್ನು ಅಳಿಸುವ ಮುನ್ನ ನಕಲನ್ನು ಬೇರೊಂದು ಯಂತ್ರದಲ್ಲಿ ತೆರೆದು, ಯಾವುದಾದರೂ ಒಂದು ವರ್ಷದ ತಾಳೆಪಟ್ಟಿಯ ಮೊತ್ತವನ್ನು ಸಹಿಯಾದ ಪ್ರತಿಯೊಂದಿಗೆ ಹೋಲಿಸಿ ನೋಡತಕ್ಕದ್ದು. ಆ ದತ್ತಾಂಶವನ್ನು ತೆರೆಯಬಲ್ಲ ತಂತ್ರಾಂಶದ ಹಳೆಯ ಆವೃತ್ತಿಯನ್ನೂ ಅದೇ ಡಿಸ್ಕಿನಲ್ಲಿ ಇರಿಸಿಕೊಳ್ಳಿ. ಅಳಿಸಿದ ನಂತರ ರೀಸೈಕಲ್ ಬಿನ್ ಬರಿದು ಮಾಡಲು ಮರೆಯಬೇಡಿ. ಅಲ್ಲಿಯವರೆಗೆ ಒಂದು ಬೈಟ್ ಜಾಗವೂ ಬಿಡುಗಡೆಯಾಗಿರುವುದಿಲ್ಲ.