ಹನ್ನೊಂದು ಅಂಕಿಗಳ ಹಾರ

ಮಾರಣಕಟ್ಟೆ ಜಾತ್ರೆಯ ಹೊತ್ತಿಗೆ ಹೆಮ್ಮಾಡಿಯ ಸೇವಂತಿಗೆ ತಂದು ಅಮಾಸೆಬೈಲಿನ ನಮ್ಮ ಜಗಲಿಯಲ್ಲಿ ಬಾಳೆನಾರಿನಿಂದ ಹಾರ ಕಟ್ಟುತ್ತೇವೆ. ದೊಡ್ಡ ಹೂ ನಡುವಿಗೆ, ಆಚೀಚೆ ಹೋದ ಹಾಗೆ ಸಣ್ಣವು. ಯಾವ ತುದಿ ಹಿಡಿದರೂ ಹಾರ ಒಂದೇ. ಅಂಕಿಗಳಲ್ಲಿ ಕಟ್ಟಿದ ಅಂಥದೇ ಹಾರವೊಂದಿದೆ: 12345654321.

ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಸೆಕೆಂಡಿಗೆ ಒಂದರಂತೆ, ಊಟ ನಿದ್ದೆ ಬಿಟ್ಟು, ಇಷ್ಟು ಅಡಿಕೆ ಎಣಿಸಿದರೆ 391 ವರ್ಷ ಬೇಕು. ಬಸರೂರಿನಲ್ಲಿ ಹಡಗುಗಳು ನಿಲ್ಲುತ್ತಿದ್ದ ಕೆಳದಿ ನಾಯಕರ ಕಾಲದಲ್ಲಿ ಎಣಿಸಲು ಕೂತಿದ್ದರೆ ಈಗಷ್ಟೇ ಮುಗಿಯುತ್ತಿತ್ತು!

ಇದನ್ನು ಕಟ್ಟಿದವರು ನಮ್ಮ ನಾಡಿನವರೇ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ 'ಗಣಿತಸಾರ ಸಂಗ್ರಹ'ದ ಗುಣಾಕಾರದ ಲೆಕ್ಕಗಳಲ್ಲಿ ಇದು ಬರುತ್ತದೆ. 27994681 ಅನ್ನು 441ರಿಂದ ಗುಣಿಸು ಎನ್ನುತ್ತಾರೆ ಅವರು. ನೋಡಲು ಒಣ ಲೆಕ್ಕ. ಗುಣಿಸಿದರೆ ಹಾರ. ಇಂಥ ಉತ್ತರಗಳನ್ನು ಅವರು ಕೊರಳ ಆಭರಣಕ್ಕೆ ಹೋಲಿಸಿದ್ದಾರೆ. ಅವರು ಹೆಸರಿಟ್ಟ ಸ್ಥಾನಗಳು 24, ಕೊನೆಯದು ಮಹಾಕ್ಷೋಭ. ನಮ್ಮ ಹಾರದ ಮೊದಲ ಒಂದು ಕೂತಿರುವುದು ಹನ್ನೊಂದನೆಯ ಸ್ಥಾನವಾದ ಅರ್ಬುದದಲ್ಲಿ.

ಒಳಗುಟ್ಟು ಇನ್ನೂ ಚೆಂದ. 441 ಎಂದರೆ 21ರ ವರ್ಗ, 27994681 ಎಂದರೆ 5291ರ ವರ್ಗ. 21 ಮತ್ತು 5291 ಗುಣಿಸಿದರೆ 111111. ಅಂದರೆ ಆಚಾರ್ಯರು ಆರು ಒಂದುಗಳನ್ನು ಎರಡು ಪಾಲು ಮಾಡಿ ಬಚ್ಚಿಟ್ಟಿದ್ದಾರೆ. 111111 ಅನ್ನು ಅದರಿಂದಲೇ ಕಾಗದದ ಮೇಲೆ ಗುಣಿಸಿ: ಆರು ಒಂದುಗಳ ಸಾಲು ಆರು ಸಲ ಬರುತ್ತದೆ, ಪ್ರತಿ ಸಲ ಒಂದು ಮನೆ ಎಡಕ್ಕೆ ಸರಿದು. ಮೇಲಿನಿಂದ ಕೆಳಕ್ಕೆ ಕೂಡಿದರೆ ಅಂಚಿನಲ್ಲಿ ಒಂದು, ಪಕ್ಕದಲ್ಲಿ ಎರಡು, ನಡುವೆ ಆರು, ಮತ್ತೆ ಇಳಿತ. ಎಲ್ಲೂ ದಶಕ ಕೊಡಬೇಕಾಗಿಲ್ಲ. ಒಂಬತ್ತು ಒಂದುಗಳವರೆಗೂ ಹೀಗೆಯೇ; ಹತ್ತಾದ ಕೂಡಲೇ ನಡುವೆ ದಶಕ ಹುಟ್ಟಿ ಹಾರ ಹರಿಯುತ್ತದೆ, 1234567900987654321 ಆಗುತ್ತದೆ. ಎಂಟು ಕಾಣೆಯಾಗುವ ಆ ಜಾಗವನ್ನು ನಾನು ಎಷ್ಟು ಸಲ ನೋಡಿದರೂ ತಣಿಯುವುದಿಲ್ಲ.

ನಮ್ಮೂರಿನಿಂದ ಹೊಸಂಗಡಿ ದಾಟಿ, ಘಾಟಿ ಹತ್ತಿ ಮುಂದೆ ಹೋದರೆ ಹೊಂಬುಜ. 2000ದಲ್ಲಿ ಈ ಗ್ರಂಥ ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಪ್ರಕಟವಾದದ್ದು ಅಲ್ಲಿಂದಲೇ. ಇಷ್ಟು ಹತ್ತಿರದ ಸಂಪತ್ತು ನಮ್ಮ ಶಾಲೆಗಳ ಕರಿಹಲಗೆಯ ಮೇಲೆ ಬರಬೇಕು. ಮನೆಯಲ್ಲಿ ಮಕ್ಕಳಿದ್ದರೆ ಇವತ್ತು ಸಂಜೆ ಪೆನ್ಸಿಲ್ ಕೊಟ್ಟು ಕೂರಿಸಿ, 27994681 ಇಂಟು 441. ಉತ್ತರ ಮಾತ್ರ ಮೊದಲೇ ಹೇಳಬೇಡಿ.