ಬೆಳೆಯುವ ಅಂಗಡಿಗೆ ತಕ್ಕ ತಂತ್ರಾಂಶ

ಮುಂಬಯಿಯ ಬೈಕುಲ್ಲಾದಲ್ಲಿ ಒಂದು ಸಿದ್ಧ ಉಡುಪಿನ ಅಂಗಡಿಯಿದೆಯೆಂದು ಭಾವಿಸೋಣ. ಅಂಗಡಿ ಒಂದೇ ಇರುವವರೆಗೆ ಯಾವ ಮಾಲು ಎಷ್ಟಿದೆಯೆಂಬುದು ಮಾಲೀಕರಿಗೆ ಬಾಯಿಪಾಠವಾಗಿರುತ್ತದೆ. ಘಾಟ್ಕೋಪರ್ ಹಾಗೂ ಠಾಣೆಗಳಲ್ಲಿ ಶಾಖೆಗಳನ್ನು ತೆರೆದ ಮೇಲೆ ಈ ಅನುಕೂಲ ಉಳಿಯದು. ಒಂದು ಶಾಖೆಯಲ್ಲಿ ಮಾರಾಟವಾಗದೆ ಬಿದ್ದಿರುವ ಮಾಲನ್ನೇ ಇನ್ನೊಂದು ಶಾಖೆಗೆ ಹೊಸದಾಗಿ ಖರೀದಿಸಲಾಗುತ್ತದೆ. ಬಂಡವಾಳವು ಕಪಾಟಿನಲ್ಲಿ ಸಿಲುಕುತ್ತದೆ. ಗಣಕಯಂತ್ರದ ನಿಜವಾದ ಅವಶ್ಯಕತೆ ಕಂಡುಬರುವುದು ಈ ಹಂತದಲ್ಲಿ.

ಮಾರುಕಟ್ಟೆಯಲ್ಲಿ ಸಿದ್ಧ ತಂತ್ರಾಂಶಗಳು ಹೇರಳವಾಗಿವೆ. ಅವುಗಳಲ್ಲಿ ಸುಪರಿಚಿತವಾದ ‘ಟ್ಯಾಲಿ’ ಹುಟ್ಟಿದ್ದು ಸ್ವಂತ ವ್ಯವಹಾರದ ಅಗತ್ಯದಿಂದಲೇ ಎಂಬುದು ಗಮನಾರ್ಹ. ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾ ಅವರು ತಮಗೊಪ್ಪುವ ಲೆಕ್ಕಪತ್ರ ತಂತ್ರಾಂಶ ದೊರೆಯದ ಕಾರಣ, ಅದನ್ನು ರಚಿಸುವಂತೆ ಪುತ್ರ ಭರತ್ ಗೋಯೆಂಕಾ ಅವರಿಗೆ ತಿಳಿಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಈ ಸಂಸ್ಥೆ ಆರಂಭವಾಯಿತು. ಕೇವಲ ಲೆಕ್ಕಪತ್ರಕ್ಕಾದರೆ ಇಂತಹ ಸಿದ್ಧ ತಂತ್ರಾಂಶವೇ ಸಾಕು. ಹೊಸತನ್ನು ಬರೆಯಿಸುವುದು ದುಂದುವೆಚ್ಚ.

ವ್ಯವಹಾರದ ಕ್ರಮವೇ ವಿಶಿಷ್ಟವಾಗಿದ್ದಲ್ಲಿ ಮಾತು ಬೇರೆ. ಒಂದೇ ಅಂಗಿಗೆ 5 ಅಳತೆ, 4 ಬಣ್ಣಗಳಿದ್ದರೆ ದಾಸ್ತಾನಿನಲ್ಲಿ ಅದು 20 ಪ್ರತ್ಯೇಕ ಮಾಲುಗಳಾಗುತ್ತದೆ. ಬೈಕುಲ್ಲಾದಲ್ಲಿ ಕೊಂಡ ಅಂಗಿಯನ್ನು ಗಿರಾಕಿಯು ಠಾಣೆಯಲ್ಲಿ ಹಿಂದಿರುಗಿಸಿದರೆ, ಅದು ಯಾವ ಶಾಖೆಯ ದಾಸ್ತಾನಿಗೆ ಸೇರಬೇಕು? ಇಂತಹ ಪ್ರಶ್ನೆಗಳಿಗೆ ಮಾಲೀಕರಿಗಿಂತ ಗಲ್ಲೆಯಲ್ಲಿ ಕುಳಿತವರೂ ಗೋದಾಮಿನವರೂ ಖಚಿತವಾದ ಉತ್ತರ ನೀಡಬಲ್ಲರು. ಅವರನ್ನು ವಿಚಾರಿಸಿ, ಎಲ್ಲವನ್ನೂ ಬರೆದಿಟ್ಟುಕೊಂಡ ನಂತರವೇ ತಂತ್ರಾಂಶದ ರಚನೆಗೆ ತೊಡಗುವುದು ಯುಕ್ತ.

ಕಾನೂನಿನ ಅಂಶಗಳೂ ಇವೆ. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಪ್ರಕಾರ, ಮಹಾರಾಷ್ಟ್ರದಲ್ಲಿ ಒಂದೇ ನೋಂದಣಿಯಡಿ ಇರುವ ಶಾಖೆಗಳ ನಡುವೆ ಮಾಲು ಸಾಗಿಸಿದರೆ ತೆರಿಗೆಯಿಲ್ಲ. ಅದೇ ಮಾಲನ್ನು ಹುಬ್ಬಳ್ಳಿಯ ಶಾಖೆಗೆ ಕಳುಹಿಸಿದರೆ, ಮಾರಾಟವಾಗದಿದ್ದರೂ, ಪೂರೈಕೆಯೆಂದು ಪರಿಗಣಿಸಲಾಗುತ್ತದೆ. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮವು 2023ರ ಏಪ್ರಿಲ್ 1ರಿಂದ ಅನ್ವಯವಾಗಿದೆ.

ಅನೇಕರು ಕಡೆಗಣಿಸುವ ಸಂಗತಿಯೆಂದರೆ ಸ್ವಾಮ್ಯ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಗಣಕಯಂತ್ರದ ಕಾರ್ಯಕ್ರಮವನ್ನು ಸಾಹಿತ್ಯಕೃತಿಯೆಂದು ಪರಿಗಣಿಸಲಾಗಿದೆ. ಸಂಸ್ಥೆಯ ನೌಕರನು ಕೆಲಸದ ಭಾಗವಾಗಿ ಬರೆದುದು ಸಾಮಾನ್ಯವಾಗಿ ಸಂಸ್ಥೆಗೇ ಸೇರುತ್ತದೆ. ಹೊರಗಿನವರು ಗುತ್ತಿಗೆಯ ಮೇಲೆ ಬರೆದುಕೊಟ್ಟುದರ ಸ್ವಾಮ್ಯವಾದರೋ, ಲಿಖಿತ ಒಪ್ಪಂದವಿಲ್ಲದಿದ್ದಲ್ಲಿ, ಪೂರ್ಣ ಹಣ ಸಂದಾಯವಾಗಿದ್ದರೂ ಸಾಮಾನ್ಯವಾಗಿ ಬರೆದವರಲ್ಲಿಯೇ ಉಳಿಯುತ್ತದೆ. ಮುಂದೆ ಒಂದು ಸಣ್ಣ ಬದಲಾವಣೆಗೂ ಅವರನ್ನೇ ಅವಲಂಬಿಸಬೇಕಾದೀತು. ಆದುದರಿಂದ ಸ್ವಾಮ್ಯದ ವರ್ಗಾವಣೆ, ಮೂಲ ಬರಹದ ಪ್ರತಿ ಹಾಗೂ ಗಿರಾಕಿಗಳ ವಿವರದ ಗೋಪ್ಯತೆ ಇವು ಕರಾರುಪತ್ರದಲ್ಲಿ ಸ್ಪಷ್ಟವಾಗಿರಬೇಕು. ಕೊನೆಯ ಕಂತನ್ನು, ಎಲ್ಲ ಶಾಖೆಗಳಲ್ಲೂ ಮಾಲನ್ನು ಕೈಯಾರೆ ಎಣಿಸಿ, ಯಂತ್ರದ ದಾಸ್ತಾನಿನೊಂದಿಗೆ ತಾಳೆ ನೋಡಿದ ಬಳಿಕ ಪಾವತಿ ಮಾಡುವುದು ಕ್ಷೇಮ.